ವಾಷಿಂಗ್ ಮಷೀನಿನ ನೀರು ಹೊರಗೆ ಹೋಗದಿದ್ದರೆ ಪಂಪ್ ಬದಲಿಸಲೇಬೇಕಾ?

ಫ್ರಂಟ್ ಲೋಡ್ ಮಷೀನು ಅರ್ಧಕ್ಕೇ ನಿಲ್ಲುತ್ತದೆ, ನೀರು ಒಳಗೇ ಇರುತ್ತದೆ, ಮೆಕ್ಯಾನಿಕ್ ಬಂದು ಪಂಪ್ ಹೋಗಿದೆ ಅಂದರು, ಏನು ಮಾಡಲಿ ಅಂತ ಕೇಳಿದ್ದೀರಿ. ಈಗಲೇ ದುಡ್ಡು ಕೊಡಬೇಡಿ. ಮೊದಲು ಡ್ರೇನ್ ಫಿಲ್ಟರ್ ಬಿಚ್ಚಿ ನೋಡಿ.

ಪ್ಲಗ್ ತೆಗೆಯಿರಿ, ನಲ್ಲಿ ಮುಚ್ಚಿ. ಬಿಸಿನೀರಲ್ಲಿ ಒಗೆದಿದ್ದರೆ ನೀರು ಆರುವವರೆಗೆ ಕಾಯಿರಿ. ಮಷೀನಿನ ಮುಂಭಾಗದಲ್ಲಿ ಕೆಳಗಡೆ ಒಂದು ಪುಟ್ಟ ಮುಚ್ಚಳ ಇರುತ್ತದೆ. ಅದರ ಒಳಗಿನ ತಿರುಪೇ ಫಿಲ್ಟರ್. ಕೆಳಗೆ ಅಗಲವಾದ ತಟ್ಟೆ, ಹಳೇ ಬಟ್ಟೆ ಇಟ್ಟುಕೊಂಡು ನಿಧಾನಕ್ಕೆ ಎಡಕ್ಕೆ ತಿರುಗಿಸಿ. ಒಂದೇ ಸಲ ಪೂರ್ತಿ ಬಿಚ್ಚಬೇಡಿ, ಡ್ರಮ್ಮಿನಲ್ಲಿರುವ ನೀರೆಲ್ಲ ನೆಲಕ್ಕೆ ಬರುತ್ತದೆ. ಕೆಲವು ಮಷೀನುಗಳಲ್ಲಿ ಪಕ್ಕದಲ್ಲೇ ಸಣ್ಣ ರಬ್ಬರ್ ಪೈಪು ಇರುತ್ತದೆ, ಇದ್ದರೆ ಮೊದಲು ಅದರಿಂದ ನೀರು ಖಾಲಿ ಮಾಡಿ. ಫಿಲ್ಟರ್ ಕೈಗೆ ಬಂದಾಗ ಗೊತ್ತಾಗುತ್ತದೆ: ಚಿಲ್ಲರೆ, ಸೇಫ್ಟಿ ಪಿನ್ನು, ಬ್ಲೌಸಿನ ಹುಕ್ಕು, ಕೂದಲು, ಜೇಬಲ್ಲೇ ಉಳಿದ ಬಸ್ ಟಿಕೆಟ್. ಆಮೇಲೆ ಆ ತೂತಿನೊಳಗೆ ಟಾರ್ಚ್ ಬಿಟ್ಟು ನೋಡಿ, ಸಣ್ಣ ಫ್ಯಾನಿನಂಥದ್ದು ಕಾಣುತ್ತದೆ, ಅದನ್ನು ಕಡ್ಡಿಯಿಂದ ತಿರುಗಿಸಿ. ತಡೆದು ತಡೆದು ತಿರುಗಿದರೆ ಗಾಬರಿ ಬೇಡ, ಒಳಗೆ ಅಯಸ್ಕಾಂತ ಇರುವುದರಿಂದ ಹಾಗೇ ಇರುತ್ತದೆ. ದಾರ, ಕೂದಲು ಸುತ್ತಿಕೊಂಡಿದ್ದರೆ ಬಿಡಿಸಿ.

ಹಿಂದಿನ ಡ್ರೇನ್ ಪೈಪು ಎಲ್ಲಾದರೂ ಮಡಚಿಕೊಂಡಿದೆಯಾ ಅಂತಲೂ ನೋಡಿ. ಮಷೀನನ್ನು ಗೋಡೆಗೆ ಒತ್ತಿ ಇಟ್ಟ ಮನೆಗಳಲ್ಲಿ ಇದು ತುಂಬಾ ಸಾಮಾನ್ಯ. ಎಲ್ಲ ಜೋಡಿಸಿ ಬಟ್ಟೆ ಇಲ್ಲದೆ ಸ್ಪಿನ್ ಹಾಕಿ. ಇಷ್ಟಾದ ಮೇಲೂ ನೀರು ಹೋಗದಿದ್ದರೆ ಪಂಪೋ ಅದರ ವೈರೋ ಕೆಟ್ಟಿರಬಹುದು. ಆಗ ಮೆಕ್ಯಾನಿಕ್‌ಗೆ ನಿಮ್ಮ ಎದುರಿಗೇ ಮಲ್ಟಿಮೀಟರ್ (ಪಂಪು, ವೈರು ಸರಿ ಇದೆಯಾ ಅಂತ ಪರೀಕ್ಷಿಸುವ ಸಾಧನ) ಹಿಡಿದು ತೋರಿಸಿ ಅನ್ನಿ. ಕೇಳುವುದರಲ್ಲಿ ಸಂಕೋಚ ಬೇಡ, ದುಡ್ಡು ನಿಮ್ಮದು ಅಲ್ವಾ.

ನೀರು ತುಂಬೋಕೂ ತುಂಬಾ ಹೊತ್ತು ಹಿಡಿಯುತ್ತದೆ ಅಂತ ಬರೆದಿದ್ದೀರಿ. ಇನ್‌ಲೆಟ್ ಪೈಪು ಮಷೀನಿಗೆ ಸೇರುವ ಜಾಗದಲ್ಲಿ ಒಂದು ಸಣ್ಣ ಜಾಲರಿ ಇದೆ, ಬೋರ್‌ವೆಲ್ ನೀರೋ ಟ್ಯಾಂಕರ್ ನೀರೋ ಆದರೆ ಅದರಲ್ಲಿ ಮರಳು, ಸುಣ್ಣದ ಪುಡಿ ಕೂತು ದಾರಿ ಕಟ್ಟುತ್ತದೆ. ನಮ್ಮದೂ ಬೋರ್‌ವೆಲ್ ನೀರೇ, ಆಗಾಗ ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೊಳೆಯುತ್ತೇನೆ. ಸುಣ್ಣ ಗಟ್ಟಿಯಾಗಿದ್ದರೆ ಜಾಲರಿಯನ್ನು ನಿಂಬೆರಸದಲ್ಲಿ ಸ್ವಲ್ಪ ಹೊತ್ತು ನೆನೆಸಿ. ಜಾಲರಿ ಚೊಕ್ಕವಾಗಿದ್ದರೂ ನೀರು ಸಣ್ಣಗೆ ಬಂದರೆ ಅದು ಒತ್ತಡದ ತೊಂದರೆ. 10 ಮೀಟರ್ ಎತ್ತರದ ನೀರಿಗೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ, ತಲೆಯ ಮೇಲೇ ಟ್ಯಾಂಕ್ ಇರುವ ಮೇಲಿನ ಮಹಡಿಯಲ್ಲಿ ಅದರ ಕಾಲುಭಾಗವೂ ಸಿಗದೇ ಇರಬಹುದು. ಅಲ್ಲಿ ಮಷೀನು ಬದಲಿಸಿ ಏನೂ ಪ್ರಯೋಜನ ಇಲ್ಲ.

ಸ್ಪಿನ್ ಆಗುವಾಗ ಕುಣಿದರೆ ದಪ್ಪ ಬೆಡ್‌ಶೀಟ್ ಒಂದನ್ನೇ ಹಾಕಿದ್ದೀರಾ, ನಾಲ್ಕೂ ಕಾಲು ನೆಲಕ್ಕೆ ಊರಿದೆಯಾ ನೋಡಿ.

ಆದರೆ ಮಷೀನಿನ ಮೈ ಮುಟ್ಟಿದಾಗ ಶಾಕ್ ಹೊಡೆದರೆ, ಸುಟ್ಟ ವಾಸನೆ ಬಂದರೆ, ಸ್ಪಿನ್‌ನಲ್ಲಿ ಡ್ರಮ್ ಗೊರಗೊರ ಅಂದರೆ ಮನೆಯಲ್ಲಿ ಕೈ ಹಾಕಲೇಬೇಡಿ. ಶಾಕ್ ಹೊಡೆಯುವ ಮಷೀನಿನ ಸಹವಾಸಕ್ಕೆ ಹೋಗದೆ ಮೇನ್ ಸ್ವಿಚ್ ಆಫ್ ಮಾಡಿ, ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ನೋಡಿಸಿ.