ಜರ್ಮನಿಗೆ ಹೋಗಲಿ, ಈ ಆಗಸ್ಟ್‌ನಲ್ಲಿ ಬೇಡ

ಕಾರ್ಕಳದ ತಾಯಿಯೊಬ್ಬರ ಪತ್ರ: "ಮಗಳು ಈ ಸಲ ದ್ವಿತೀಯ ಪಿಯುಸಿ ಮುಗಿಸಿದಳು. ಸಿಇಟಿ ರ‍್ಯಾಂಕ್ ಪರವಾಗಿಲ್ಲ. ಆದರೆ ಒಂದು ವರ್ಷ ಜರ್ಮನಿಯಲ್ಲಿದ್ದು ಬಂದು ಆಮೇಲೆ ಇಂಜಿನಿಯರಿಂಗ್ ಸೇರುತ್ತೇನೆ ಎಂದು ಹಟ. ಫ್ರಾಂಕ್‌ಫರ್ಟ್‌ನಲ್ಲಿ ನನ್ನ ಅಣ್ಣ ಇದ್ದಾನೆ. ಅವನ ಮಗುವನ್ನು ನೋಡಿಕೊಂಡು ಅಲ್ಲೇ ಇರಬಹುದಲ್ಲ? ಮಂಗಳೂರಿನ ಏಜೆಂಟರೊಬ್ಬರು ಮೂರೂವರೆ ಲಕ್ಷ ಕೇಳಿದ್ದಾರೆ. ಆಗಸ್ಟ್‌ನಲ್ಲಿ ಟೂರಿಸ್ಟ್ ವೀಸಾದಲ್ಲಿ ಕಳಿಸಿ ಅಲ್ಲಿ ಬದಲಾಯಿಸಿ ಕೊಡುತ್ತಾರಂತೆ. ವರ್ಷ ಹಾಳು ಎನ್ನುತ್ತಾರೆ ಇವಳ ಅಪ್ಪ. ಏನು ಮಾಡಲಿ?"

ಉತ್ತರ:

ಏಜೆಂಟರಿಗೆ ಮುಂಗಡ ಕೊಡಬೇಡಿ. ಉಳಿದದ್ದನ್ನು ನಿಧಾನವಾಗಿ ಯೋಚಿಸಬಹುದು, ಇದೊಂದನ್ನು ಇವತ್ತೇ ತೀರ್ಮಾನಿಸಿ. ಷೆಂಗೆನ್ (ಜರ್ಮನಿಯೂ ಸೇರಿದ ಯುರೋಪಿನ ಹಲವು ದೇಶಗಳಿಗೆ ಒಂದೇ ಆದ) ಟೂರಿಸ್ಟ್ ವೀಸಾದಲ್ಲಿ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು, ಕೆಲಸ ಮಾಡುವಂತಿಲ್ಲ. ಅಲ್ಲಿ ಇಳಿದ ಮೇಲೆ ಅದನ್ನು ವರ್ಷದ ವೀಸಾ ಮಾಡಿಸಿಕೊಳ್ಳಲು ಸಾಮಾನ್ಯವಾಗಿ ಆಗುವುದಿಲ್ಲ. ವರ್ಷದ ಮಟ್ಟಿಗೆ ಹೋಗುವವರು ನ್ಯಾಷನಲ್ ವೀಸಾವನ್ನು ಇಲ್ಲಿಂದಲೇ, ಕರ್ನಾಟಕದವರಾದರೆ ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಮೂಲಕ, ಪಡೆದು ಹೊರಡಬೇಕು. ಅದರ ಶುಲ್ಕ 75 ಯೂರೋ. ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟರು ನೋಂದಾಯಿತರೇ ಎಂಬುದನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ನೋಂದಾಯಿತ ಏಜೆಂಟರು ಸೇವಾಶುಲ್ಕವೆಂದು ತೆಗೆದುಕೊಳ್ಳಬಹುದಾದ ಗರಿಷ್ಠ ಮೊತ್ತ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಮೂರೂವರೆ ಲಕ್ಷ ಎಲ್ಲಿ, ಇದು ಎಲ್ಲಿ!

ಇನ್ನು ಸೋದರಮಾವನ ಮನೆ. ಮಗು ನೋಡಿಕೊಂಡು ಇರುವ ವ್ಯವಸ್ಥೆಗೆ ಅಲ್ಲಿ ಓ-ಪೇರ್ ಎನ್ನುತ್ತಾರೆ. ಸಂಬಂಧಿಕರ ಮನೆಗೆ ಆ ವೀಸಾ ಸಿಗುವುದಿಲ್ಲ. ಮನೆಯಲ್ಲಿ ಆಡುವ ಭಾಷೆ ಜರ್ಮನ್ ಆಗಿರಬೇಕು ಎಂಬುದು ಇನ್ನೊಂದು ನಿಯಮ. ಮಾವನ ಮನೆಯಲ್ಲಿ ತುಳು, ಕನ್ನಡ ಮಾತಾಡಿಕೊಂಡಿದ್ದರೆ ಇವಳು ಜರ್ಮನ್ ಕಲಿಯುವುದು ಯಾವಾಗ? ನಿಯಮದ ಉದ್ದೇಶವೇ ಅದು. ಮಾವನ ಮನೆ ಹಬ್ಬಕ್ಕೆ, ಜ್ವರ ಬಂದ ದಿನಕ್ಕೆ, ಮನಸ್ಸು ಕೆಟ್ಟ ಭಾನುವಾರಕ್ಕೆ ಇರಲಿ. ಅಂಥ ಒಂದು ಮನೆ ಇರುವುದು ಸಣ್ಣ ಧೈರ್ಯವಲ್ಲ.

ಓ-ಪೇರ್ ಆಗಲು 18 ತುಂಬಿರಬೇಕು, 27 ಆಗಿರಬಾರದು, ಜರ್ಮನ್ ಭಾಷೆಯ ಮೊದಲ ಹಂತ ಎ1 ಮುಗಿಸಿರಬೇಕು. ಊಟ, ವಸತಿ, ವಿಮೆ ಆ ಕುಟುಂಬದ್ದು. ಕನಿಷ್ಠ 8 ಚದರ ಮೀಟರ್, ಅಂದರೆ ಸುಮಾರು 86 ಚದರಡಿಯ ಸ್ವಂತ ಕೋಣೆ ಕೊಡಬೇಕು. ತಿಂಗಳಿಗೆ 280 ಯೂರೋ ಕೈಖರ್ಚು, ಭಾಷಾ ಕ್ಲಾಸಿಗೆ 70 ಯೂರೋ. ಕೆಲಸ ವಾರಕ್ಕೆ 30 ಗಂಟೆ ಮೀರಬಾರದು, ರಾತ್ರಿ ಮಗುವಿನ ಜತೆ ಕೂರುವುದೂ ಈ ಲೆಕ್ಕದೊಳಗೇ. ತಕರಾರು ಏಳುವುದು ಹೆಚ್ಚಾಗಿ ಇಲ್ಲಿ. ನಮ್ಮ ಮಕ್ಕಳಿಗೆ ಮನೆಯಲ್ಲಿ ಕೆಲಸ ಹೇಳಿದರೆ ಇಲ್ಲ ಎನ್ನುವ ಅಭ್ಯಾಸವಿಲ್ಲ. ಮಗುವಿನ ಬಟ್ಟೆಯಿಂದ ಶುರುವಾಗಿ ಇಡೀ ಮನೆ ಒರೆಸುವವರೆಗೆ, ಅಜ್ಜಿಯ ಆರೈಕೆಯವರೆಗೆ ಕೆಲಸ ಬೆಳೆಯುತ್ತದೆ. ವೃದ್ಧರ ಆರೈಕೆ ಓ-ಪೇರ್ ಕೆಲಸವೇ ಅಲ್ಲ. ಒಪ್ಪಂದದಲ್ಲಿ ಯಾವ ದಿನ ಎಷ್ಟರಿಂದ ಎಷ್ಟು ಗಂಟೆ, ರಜೆ ಯಾವಾಗ ಎಂದು ಬರೆಸಿಕೊಳ್ಳಲಿ. ಹೋದ ಮೊದಲ ದಿನದಿಂದ ಪುಸ್ತಕದಲ್ಲಿ ಗಂಟೆ ಗುರುತು ಹಾಕಿಡಲಿ. ಹೊಂದಿಕೆಯಾಗದಿದ್ದರೆ ಮನೆ ಬದಲಿಸಬಹುದು, ಆದರೆ ಒಟ್ಟು ಅವಧಿ ಒಂದು ವರ್ಷ ಮೀರುವುದಿಲ್ಲ.

ಇನ್ನೊಂದು ದಾರಿ ಎಫ್‌ಎಸ್‌ಜೆ, ಅಂದರೆ ಸ್ವಯಂಸೇವೆಯ ಸಾಮಾಜಿಕ ವರ್ಷ. ಆಸ್ಪತ್ರೆ, ಶಿಶುವಿಹಾರ, ಅಂಗವಿಕಲರ ಶಾಲೆ, ವೃದ್ಧಾಶ್ರಮಗಳಲ್ಲಿ ಪೂರ್ಣಾವಧಿ ದುಡಿಮೆ, ಕೈಖರ್ಚು, ಸಾಮಾಜಿಕ ವಿಮೆ, ಹನ್ನೆರಡು ತಿಂಗಳಲ್ಲಿ 25 ದಿನ ತರಬೇತಿ. ಇದಕ್ಕೂ 27ರೊಳಗಿರಬೇಕು. ನಮಗೆ ಹೆಚ್ಚು ಮೆಚ್ಚುಗೆ ಇದರ ಮೇಲೆ. ಒಂದು ಮನೆಯ ಮರ್ಜಿಯಲ್ಲಿ ಬದುಕುವುದಕ್ಕಿಂತ ಸಂಸ್ಥೆಯಲ್ಲಿ ಸಹೋದ್ಯೋಗಿಗಳ ನಡುವೆ ಇರುವುದು ಹದಿಹರೆಯ ದಾಟಿದವರಿಗೆ ಹೆಚ್ಚು ಕಲಿಸುತ್ತದೆ. ಆದರೆ ರೋಗಿ ಏನು ಕೇಳುತ್ತಿದ್ದಾರೆಂದು ಅರ್ಥವಾಗಲು ಎ1 ಸಾಲದು, ಅದಕ್ಕಿಂತ ಎರಡು ಹಂತ ಮೇಲಿನ ಬಿ1 ಬೇಕು.

ಈಗ ಅವಳ ಅಪ್ಪನ ಮಾತಿಗೆ ಬರೋಣ. ವಿದೇಶದಲ್ಲಿ ಕಳೆಯುವ ವರ್ಷ ಹಾಳಲ್ಲ. ಆದರೆ ಈಗ ಹೊರಟರೆ ಹೋಗುವುದು ಒಂದಲ್ಲ, ಎರಡು ವರ್ಷ. ಲೆಕ್ಕ ಹಾಕಿ ನೋಡಿ. ಎ1ಗೆ 45 ನಿಮಿಷದ 80ರಿಂದ 200 ಪಾಠ ಬೇಕು. ದಿನಕ್ಕೆ ಎರಡು ಪಾಠದಂತೆ ಜೂನ್‌ನಲ್ಲಿ ಶುರುಮಾಡಿದರೂ ಪರೀಕ್ಷೆ ಹೊತ್ತಿಗೆ ನವರಾತ್ರಿ ಬಂದಿರುತ್ತದೆ. ಆಮೇಲೆ ಕುಟುಂಬ ಹುಡುಕುವುದು, ವೀಸಾ ಅಪಾಯಿಂಟ್‌ಮೆಂಟ್, ಕಾಯುವುದು. ಜನವರಿಗೆ ಮುಂಚೆ ವಿಮಾನ ಹತ್ತುವುದು ಕಷ್ಟ. ಸಿಇಟಿ ರ‍್ಯಾಂಕ್ ಈ ವರ್ಷದ ಸೀಟಿಗೆ ಮಾತ್ರ, ಎತ್ತಿಡಲು ಬರುವುದಿಲ್ಲ. ಮುಂದಿನ ಸಿಇಟಿ ಏಪ್ರಿಲ್ ಹೊತ್ತಿಗೆ, ಆಗ ಅವಳು ಜರ್ಮನಿಯಲ್ಲಿ. ಅದರ ಮುಂದಿನ ಏಪ್ರಿಲ್‌ನಲ್ಲಿ, ಫಿಸಿಕ್ಸ್, ಗಣಿತ ಮರೆತ ಮೇಲೆ ಕೂರಬೇಕಾಗುತ್ತದೆ.

ಹಾಗಾಗಿ ನಮ್ಮ ಸಲಹೆ: ಸಿಕ್ಕಿದ ಸೀಟಿಗೆ ಈಗ ಸೇರಲಿ. ಜತೆಗೆ ಜರ್ಮನ್ ಕ್ಲಾಸ್, ವಾರಕ್ಕೆ ಆರು ಪಾಠ. ಬಿ1ಗೆ 350ರಿಂದ 650 ಪಾಠ ಹಿಡಿಯುತ್ತದೆ, ಸುಮಾರು ಎರಡು ವರ್ಷದಲ್ಲಿ ಮುಗಿಯುತ್ತದೆ. ಡಿಗ್ರಿ ಮುಗಿಯುವಾಗ ಅವಳಿಗೆ 22, ಜರ್ಮನಿಯ ಎರಡೂ ದಾರಿ ತೆರೆದೇ ಇರುತ್ತವೆ. ಈಗ ಮುಚ್ಚಿರುವ ಇನ್ನೆರಡೂ ತೆರೆಯುತ್ತವೆ. ಬ್ರಿಟನ್ನಿನ ಯಂಗ್ ಪ್ರೊಫೆಷನಲ್ಸ್ ವೀಸಾಕ್ಕೆ ಪದವಿ ಬೇಕು, ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾಕ್ಕೆ ಪಿಯುಸಿ ನಂತರ ಕನಿಷ್ಠ ಎರಡು ವರ್ಷದ ಓದು ಬೇಕು. ಎರಡಕ್ಕೂ ವಯಸ್ಸು 18ರಿಂದ 30, ಎರಡಕ್ಕೂ ಆಯ್ಕೆ ಲಾಟರಿ ಮೂಲಕ. ಇದನ್ನು ಮಗಳಿಗೆ "ಬೇಡ" ಎಂಬ ಉತ್ತರವಾಗಿ ಹೇಳಬೇಡಿ. ಕ್ಲಾಸಿನ ಫೀಸು ಕಟ್ಟಿ, ರಸೀದಿ ಕೈಗಿಟ್ಟು ಹೇಳಿ.

ಜರ್ಮನಿಗೆ ಹೋದವರನ್ನು ಮೊದಲು ಸತಾಯಿಸುವುದು ಒಂದು ಅಂಚೆಪೆಟ್ಟಿಗೆ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಮನೆ ನಂಬರ್ ಇರುವುದು ಕಟ್ಟಡಕ್ಕೆ, ಒಳಗಿನ ಫ್ಲ್ಯಾಟಿಗಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರು ಓದಿ ಕಾಗದ ಹಾಕುತ್ತಾರೆ. ಇವಳ ಹೆಸರಿನ ಚೀಟಿ ಅಂಟಿಸದಿದ್ದರೆ ತೆರಿಗೆ ಸಂಖ್ಯೆ, ಬ್ಯಾಂಕ್ ಕಾರ್ಡ್, ವಿಮೆ ಕಾರ್ಡ್ ಎಲ್ಲವೂ ವಾಪಸ್ಸು. ಮನೆ ಸೇರಿದ ಎರಡು ವಾರದೊಳಗೆ ನಗರಾಡಳಿತದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಮನೆಯವರ ಸಹಿಯ ಪತ್ರ ಅದಕ್ಕೆ ಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತದೆ, ದಿನಸಿ ಶನಿವಾರವೇ ತರಬೇಕು. ಡಿಸೆಂಬರ್‌ನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಕರಾವಳಿಯ ಬಿಸಿಲಲ್ಲಿ ಬೆಳೆದ ಮಕ್ಕಳು ಕುಗ್ಗುವುದು ಆ ದಿನಗಳಲ್ಲಿ. ಆಗ ಫೋನಿನಲ್ಲಿ ಅತ್ತರೆ "ವಾಪಸ್ ಬಾ" ಎನ್ನುವ ಮೊದಲು ಮಾವನ ಮನೆಗೆ ಎರಡು ದಿನ ಕಳಿಸಿ. ಇಲ್ಲಿನ ಸಿಮ್‌ಗೆ ರೀಚಾರ್ಜ್ ನಿಲ್ಲಿಸಬೇಡಿ, ಬ್ಯಾಂಕಿನ ಒಟಿಪಿ ಬರುವುದು ಅದಕ್ಕೇ.

ಚೀಲ ಕಟ್ಟುವಾಗ ಮನೆಯ ತುಪ್ಪ ಹಾಕಬೇಡಿ. ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ಯುರೋಪಿಯನ್ ಒಕ್ಕೂಟದೊಳಗೆ ಬಿಡುವುದಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯದ ಪ್ರಮಾಣಪತ್ರ ಕೇಳುತ್ತಾರೆ. ಒಣ ಕೊಬ್ಬರಿ ತಾನಾಗಿ ಕಾದು ಉರಿಯಬಲ್ಲ ಸರಕೆಂದು ವಿಮಾನ ಹತ್ತುವ ಮೊದಲೇ ತೆಗೆಸುತ್ತಾರೆ. ಒಣಮೀನು ಮಾತ್ರ ಸ್ವಂತಕ್ಕೆಂದು 20 ಕಿಲೋವರೆಗೆ ಒಯ್ಯಬಹುದು. ವಾಸನೆ ಹೊರಬರದಂತೆ ಎರಡು ಪದರ ಕಟ್ಟಿ.

ಪಾಸ್‌ಪೋರ್ಟ್ ಮಾಡಿಸಿಲ್ಲವಾದರೆ ಈಗಲೇ ಅರ್ಜಿ ಹಾಕಿ, 36 ಪುಟದ್ದಕ್ಕೆ ₹1,500. ಅದರಲ್ಲಿ ಇನಿಷಿಯಲ್ ಬರುವುದಿಲ್ಲ, ಬಿಡಿಸಿ ಬರೆಯಬೇಕು. ಅಂಕಪಟ್ಟಿಯಲ್ಲಿ ಬರೀ ಇನಿಷಿಯಲ್ ಇದ್ದರೆ ಎರಡೂ ಹೆಸರು ಒಬ್ಬಳದೇ ಎಂಬ ಅಫಿಡವಿಟ್ ಮಾಡಿಸಿಡಿ. ಜರ್ಮನ್ ಪರೀಕ್ಷೆಗೆ ಹೆಸರು ಕೊಡುವಾಗ ಪಾಸ್‌ಪೋರ್ಟ್‌ನಲ್ಲಿರುವ ಸ್ಪೆಲ್ಲಿಂಗ್ ಅನ್ನೇ ಅಕ್ಷರ ಬಿಡದೆ ಬರೆಯಲಿ.