‘ದೇವರಾಟ’ ಎನ್ನುವ ಮೊದಲು ಆ ಒಪ್ಪಿಗೆ ಪತ್ರ ನೋಡಿ

ನಮಸ್ಕಾರ.

ಮನುಷ್ಯರ ಜೀನ್ ತಿದ್ದುವುದರ ವಿರುದ್ಧ ನೀವು ಬರೆದು ಕಳಿಸಿದ ‘ಮನುಷ್ಯ ದೇವರಾಗಲು ಹೊರಟಾಗ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಭಾಷೆ ಹದವಾಗಿದೆ, ಕಳಕಳಿಯೂ ನಿಜವಾದದ್ದೇ. ಆದರೆ ‘ಪ್ರಕೃತಿಗೆ ವಿರುದ್ಧ’ ಎಂಬ ಮಾತು ಒಂಬತ್ತು ಸಲ ಬಂದಿದ್ದರೂ ಯಾರು, ಯಾವ ಕೋಶಕ್ಕೆ, ಏನು ಮಾಡಿದರು ಎಂಬುದು ಒಮ್ಮೆಯೂ ಬಂದಿಲ್ಲ. ಸಿಡುಬಿನ ಲಸಿಕೆಯೂ ಪ್ರಕೃತಿ ಕೊಟ್ಟದ್ದಲ್ಲವಲ್ಲ ಎಂದು ಓದುಗರು ಕೇಳಿದರೆ ನಿಮ್ಮ ಬಳಿ ಉತ್ತರವಿಲ್ಲ.

‘ಚೀನಾದ ವಿಜ್ಞಾನಿಯೊಬ್ಬ’ ಎಂದು ಒಂದೇ ಸಾಲಿನಲ್ಲಿ ದಾಟಿದ್ದೀರಲ್ಲ, ಲೇಖನ ಶುರುವಾಗಬೇಕಾದದ್ದು ಅಲ್ಲಿಂದ. ಶೆನ್‌ಜೆನ್‌ನ ಹೆ ಜಿಯಾನ್‌ಕುಯಿ 2018ರ ನವೆಂಬರ್‌ನಲ್ಲಿ ಅವಳಿ ಹೆಣ್ಣುಮಕ್ಕಳು ಹುಟ್ಟಿದ ಸುದ್ದಿ ಹೊರಗೆಡವಿದರು. ಭ್ರೂಣದ ಹಂತದಲ್ಲೇ ಅವರ ಸಿಸಿಆರ್5 ಜೀನನ್ನು ಕ್ರಿಸ್ಪರ್ ಎಂಬ ಜೀನ್ ಕತ್ತರಿಯಿಂದ ಕತ್ತರಿಸಲಾಗಿತ್ತು. ಎಚ್‌ಐವಿ ಕೋಶದೊಳಗೆ ನುಗ್ಗುವ ಬಾಗಿಲುಗಳಲ್ಲಿ ಒಂದು ಈ ಜೀನಿನದು. ಯುರೋಪ್ ಮೂಲದ ಕೆಲವರಲ್ಲಿ ಈ ಜೀನಿನ 32 ಅಕ್ಷರಗಳು (ಡಿಎನ್ಎ ಎಂಬ ಬರಹದ ಒಂದೊಂದು ಘಟಕ) ಹುಟ್ಟಿನಿಂದಲೇ ಇರುವುದಿಲ್ಲ. ತಂದೆಯಿಂದ ಒಂದು, ತಾಯಿಯಿಂದ ಒಂದು ಬರುವ ಜೀನಿನ ಎರಡೂ ಪ್ರತಿಗಳಲ್ಲಿ ಹಾಗಿದ್ದವರಿಗೆ ಎಚ್‌ಐವಿ ತಗಲುವುದು ಬಲು ಅಪರೂಪ. ಅವರಲ್ಲಿರುವ ರಕ್ಷಣೆಯನ್ನು ಈ ಮಕ್ಕಳಿಗೂ ಕೊಡುತ್ತೇನೆಂದು ಹೊರಟವರ ಕೈಯಲ್ಲಿ ಆದದ್ದೇ ಬೇರೆ. ಒಂದು ಮಗುವಿನ ಒಂದು ಪ್ರತಿಯಿಂದ 15 ಅಕ್ಷರ ಬಿದ್ದುಹೋಯಿತು, ಇನ್ನೊಂದು ಪ್ರತಿ ಇದ್ದಂತೆಯೇ ಉಳಿಯಿತು. ಮತ್ತೊಂದು ಮಗುವಿನಲ್ಲಿ ಒಂದು ಕಡೆ 4 ಅಕ್ಷರ ಹೋಗಿ, ಇನ್ನೊಂದು ಕಡೆ 1 ಅಕ್ಷರ ಸೇರಿಕೊಂಡಿತು. 32 ಅಕ್ಷರದ ಆ ಬದಲಾವಣೆ ಇಬ್ಬರಲ್ಲೂ ಇಲ್ಲ.

ಹೀಗೇಕಾಯಿತೆಂದು ವಿವರಿಸಿ. ಕ್ರಿಸ್ಪರ್ ಕತ್ತರಿಸುತ್ತದೆ, ಅಷ್ಟೆ. ತುಂಡಾದದ್ದನ್ನು ಜೋಡಿಸುವುದು ಕೋಶವೇ. ಜೋಡಿಸುವಾಗ ಅಕ್ಷರ ಬಿಡುತ್ತದೆ, ಇಲ್ಲವೇ ಸೇರಿಸುತ್ತದೆ. ಭ್ರೂಣ ಎರಡಾಗಿ, ನಾಲ್ಕಾಗಿ ಒಡೆಯುತ್ತಿರುವಾಗಲೂ ಕತ್ತರಿ ಆಡುತ್ತಿದ್ದರೆ ಒಂದೊಂದು ಕೋಶದಲ್ಲಿ ಒಂದೊಂದು ಬಗೆಯ ತಿದ್ದುಪಡಿ ಉಳಿಯುತ್ತದೆ. ಪರೀಕ್ಷೆಗೆ ತೆಗೆದ ನಾಲ್ಕಾರು ಕೋಶ ನೋಡಿ ಮಿಕ್ಕವೂ ಹಾಗೇ ಇವೆ ಎನ್ನಲು ಬರುವುದಿಲ್ಲ.

ಇದರ ಅಗತ್ಯವಾದರೂ ಇತ್ತೇ? ಎಚ್‌ಐವಿ ಇದ್ದದ್ದು ತಂದೆಗೆ, ತಾಯಿಗಲ್ಲ. ವೀರ್ಯ ತೊಳೆದು (ಸೋಂಕಿರುವ ದ್ರವದಿಂದ ವೀರ್ಯಾಣುಗಳನ್ನು ಬೇರ್ಪಡಿಸಿ) ಐವಿಎಫ್, ಅಂದರೆ ದೇಹದ ಹೊರಗೆ ಗರ್ಭಧಾರಣೆ, ಮಾಡಿದರೆ ಸೋಂಕನ್ನು ತಡೆಯಬಹುದು, ಇಲ್ಲಿ ತೊಳೆದೂ ಇದ್ದರು. ದಂಪತಿಗೆ ಕೊಟ್ಟ ಒಪ್ಪಿಗೆ ಪತ್ರ ಮಾತ್ರ ಇದನ್ನು ಏಡ್ಸ್ ಲಸಿಕೆ ಅಭಿವೃದ್ಧಿಯ ಯೋಜನೆ ಎಂದು ಕರೆದಿತ್ತು. ಲಸಿಕೆಯೆಂದು ನಂಬಿ ಹಾಕಿದ ಸಹಿಯನ್ನು ಒಪ್ಪಿಗೆ ಎನ್ನಬಹುದೇ? ಇದಕ್ಕೆ ಒಂದಿಡೀ ಪುಟ ಕೊಡಿ. 2019ರ ಡಿಸೆಂಬರ್‌ನಲ್ಲಿ ಹೆ ಜಿಯಾನ್‌ಕುಯಿಗೆ ಮೂರು ವರ್ಷ ಜೈಲು, 30 ಲಕ್ಷ ಯುವಾನ್ ದಂಡ ಆಯಿತು. ಅದಕ್ಕೆ ಒಂದು ಸಾಲು ಸಾಕು.

ಇನ್ನೊಂದು ದೋಷ ಗಂಭೀರವಾದದ್ದು. 2023ರಲ್ಲಿ ಬ್ರಿಟನ್, ಅಮೆರಿಕಗಳು ಅನುಮತಿ ಕೊಟ್ಟ ಕ್ಯಾಸ್‌ಜೆವಿ ಎಂಬ ಸಿಕಲ್ ಸೆಲ್ (ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಆನುವಂಶಿಕ ಕಾಯಿಲೆ) ಚಿಕಿತ್ಸೆಯನ್ನೂ, ಭ್ರೂಣದಲ್ಲೇ ಜೀನ್ ತಿದ್ದಿ ಹುಟ್ಟಿಸುವ ‘ವಿನ್ಯಾಸ ಶಿಶು’ಗಳ ಸಾಲಿಗೆ ಸೇರಿಸಿದ್ದೀರಿ. ಅಲ್ಲಿ ಭ್ರೂಣದ ಮಾತೇ ಇಲ್ಲ. ರೋಗಿಯದೇ ರಕ್ತದ ಆಕರಕೋಶಗಳನ್ನು (ರಕ್ತಕಣಗಳನ್ನು ಹುಟ್ಟಿಸುವ ಕೋಶಗಳನ್ನು) ಹೊರತೆಗೆದು, ಬಿಸಿಎಲ್11ಎ ಜೀನಿನ ಸ್ವಿಚ್ಚನ್ನು ಕತ್ತರಿಸಿ, ಮರಳಿ ದೇಹಕ್ಕೆ ಸೇರಿಸುತ್ತಾರೆ. ಆ ಜೀನ್ ಅದುಮಿಟ್ಟಿದ್ದ, ಹುಟ್ಟಿದ ಮೇಲೆ ಕಡಿಮೆಯಾಗಿಬಿಡುವ ಶಿಶು ಹಿಮೋಗ್ಲೋಬಿನ್ ಆಗ ಮತ್ತೆ ತಯಾರಾಗಿ, ರಕ್ತಕಣಗಳು ಬಾಗದಂತೆ ತಡೆಯುತ್ತದೆ. ಆ ಬದಲಾವಣೆ ರೋಗಿಯ ಮಕ್ಕಳಿಗೆ ಹೋಗುವುದಿಲ್ಲ. ಆದರೆ ಕೋಶ ಸೇರಿಸುವ ಮೊದಲು ಬುಸಲ್ಫಾನ್ ಎಂಬ ಔಷಧಿ ಕೊಟ್ಟು ಅಸ್ಥಿಮಜ್ಜೆಯನ್ನು ಖಾಲಿ ಮಾಡಬೇಕು, ಅದರಿಂದ ಬಂಜೆತನ ಬರಬಹುದು. ಅಮೆರಿಕದಲ್ಲಿ ಈ ಚಿಕಿತ್ಸೆಗೆ 2023ರಲ್ಲಿ ಇಟ್ಟ ಬೆಲೆ 22 ಲಕ್ಷ ಡಾಲರ್. ಇದೇ ಸಿಕಲ್ ಸೆಲ್ ಕಾಯಿಲೆ ನಮ್ಮ ಸೋಲಿಗರ ಪೋಡುಗಳಲ್ಲಿ, ಜೇನುಕುರುಬರ ಹಾಡಿಗಳಲ್ಲಿ ಇದೆ. ಅವರ ತನಕ ಇದು ಯಾವಾಗ, ಯಾರ ಖರ್ಚಿನಲ್ಲಿ ಬರುತ್ತದೆ ಎಂದು ಕೇಳಿ. ನೀತಿಯ ಪ್ರಶ್ನೆ ಅಲ್ಲೂ ಇದೆ, ‘ಪ್ರಕೃತಿ’ಯ ಹಂಗಿಲ್ಲದೆ.

‘ಭಾರತದಲ್ಲಿ ಯಾವ ನಿಯಮವೂ ಇಲ್ಲ’ ಎಂಬುದು ತಪ್ಪು. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ) 2019ರ ಮಾರ್ಗಸೂಚಿ, ಮುಂದಿನ ಪೀಳಿಗೆಗೆ ಹರಿಯುವ ಜೀನ್ ಚಿಕಿತ್ಸೆಯನ್ನು ನಿಷೇಧಿಸಿದೆ. ಅದು ಮಾರ್ಗಸೂಚಿಯೇ ಹೊರತು ಸಂಸತ್ತು ಮಾಡಿದ ಕಾಯ್ದೆಯಲ್ಲ. ಆ ವ್ಯತ್ಯಾಸವನ್ನೂ ಬರೆಯಿರಿ.

ಎದುರು ವಾದಕ್ಕೂ ಜಾಗ ಕೊಡಿ. ಮಕ್ಕಳನ್ನು ರೋಗದಿಂದ ಕಾಪಾಡಬೇಕೆನ್ನುವ ತಂದೆತಾಯಿಯ ಆಸೆ ಸಣ್ಣದಲ್ಲ. ಇಬ್ಬರೂ ಸಿಕಲ್ ಸೆಲ್ ವಾಹಕರಾದರೆ (ದೋಷವಿರುವ ಜೀನಿನ ಒಂದು ಪ್ರತಿಯನ್ನಷ್ಟೇ ಹೊತ್ತವರಾದರೆ) ಪ್ರತಿ ಗರ್ಭದಲ್ಲೂ ರೋಗದ ಸಾಧ್ಯತೆ ನಾಲ್ಕರಲ್ಲಿ ಒಂದು. ಹಾಗಿದ್ದರೂ ಐವಿಎಫ್‌ನಲ್ಲಿ ಭ್ರೂಣಗಳನ್ನು ಪರೀಕ್ಷಿಸಿ ರೋಗವಿಲ್ಲದ್ದನ್ನು ಆರಿಸಬಹುದು, ಏನನ್ನೂ ತಿದ್ದಬೇಕಿಲ್ಲ. ನಿಮ್ಮ ನಿಲುವಿಗೆ ಇದಕ್ಕಿಂತ ಗಟ್ಟಿ ಆಧಾರ ಸಿಗದು, ಲೇಖನದಲ್ಲಿ ಅದೇ ಇಲ್ಲ.

ಒಂಬೈನೂರು ಪದಗಳೊಳಗೆ ಮತ್ತೆ ಬರೆದು ಕಳಿಸಿ. ಹಾಗೆಯೇ, ಆ ಅವಳಿಗಳನ್ನು ‘ಪ್ರಯೋಗಶಾಲೆಯ ಗೊಂಬೆಗಳು’ ಎಂದು ಕರೆದಿದ್ದೀರಿ. ದಯವಿಟ್ಟು ಅಳಿಸಿ. ಅವರೀಗ ಶಾಲೆಗೆ ಹೋಗುವ ವಯಸ್ಸಿನ ಮಕ್ಕಳು.