ಕಾಲಿನ ಬ್ರೇಕಿಗೆ ಲೈಟ್ ಹತ್ತುತ್ತಿಲ್ಲವಾ? ಬಲ್ಬ್ ಬಿಡಿ, ಸ್ವಿಚ್ ನೋಡಿ

ಅಣ್ಣಾ, ಬೈಕಿನ ಕೈ ಬ್ರೇಕ್ ಹಿಡಿದರೆ ಹಿಂದಿನ ಬ್ರೇಕ್ ಲೈಟ್ ಹತ್ತುತ್ತದೆ, ಕಾಲಿನದು ತುಳಿದರೆ ಹತ್ತಲ್ಲ, ಎರಡು ಸಲ ಬಲ್ಬ್ ಹಾಕಿಸಿದೆ ಅಂತ ಬರೆದಿದ್ದೀರಿ. ಇನ್ನು ಬಲ್ಬಿಗೆ ದುಡ್ಡು ಸುರಿಯಬೇಡಿ. ಎರಡೂ ಬ್ರೇಕಿಗೆ ಹತ್ತುವುದು ಅದೇ ಬಲ್ಬ್, ಅದೇ ಫಿಲಮೆಂಟ್. ಒಂದಕ್ಕೆ ಹತ್ತಿತು ಅಂದರೆ ಬಲ್ಬ್, ಫ್ಯೂಸ್, ಅರ್ತ್ (ಕರೆಂಟ್ ವಾಪಸ್ ಹೋಗುವ ದಾರಿ) ಎಲ್ಲಾ ಸರಿ ಇವೆ. ಉಳಿದದ್ದು ಕಾಲಿನ ಬ್ರೇಕಿನ ಸ್ವಿಚ್, ಅದರ ಸ್ಪ್ರಿಂಗ್, ಎರಡು ವೈರು.

ಬಲಗಡೆ ಕುಕ್ಕರಗಾಲಲ್ಲಿ ಕೂತು ಬ್ರೇಕ್ ಪೆಡಲ್ ಹಿಂದೆ ನೋಡಿ. ಹೆಬ್ಬೆರಳಿನಷ್ಟು ಪ್ಲಾಸ್ಟಿಕ್ ಸ್ವಿಚ್ ಇರುತ್ತದೆ, ಅದರಿಂದ ಒಂದು ಸಣ್ಣ ಸ್ಪ್ರಿಂಗ್ ಪೆಡಲಿಗೆ ಸಿಕ್ಕಿಸಿರುತ್ತದೆ. ತುಳಿದಾಗ ಆ ಸ್ಪ್ರಿಂಗ್ ಸ್ವಿಚ್ಚಿನ ಕಡ್ಡಿ ಎಳೆಯುತ್ತದೆ, ಒಳಗೆ ಕರೆಂಟ್ ಕೂಡುತ್ತದೆ. ಮೊದಲು ಸ್ಪ್ರಿಂಗ್ ಕಳಚಿ ಬಿದ್ದಿದೆಯಾ ನೋಡಿ. ನವಲಗುಂದ ಕಡೆ ಹೊಲಕ್ಕೆ ದಿನಾ ಗಾಡಿ ಒಯ್ಯುತ್ತೀರಿ ಅಲ್ವಾ, ನನಗೆ ಅನುಮಾನ ಎರೆ ಮಣ್ಣಿನ ಮೇಲೇ. ಹೋದ ಮಳೆಗಾಲ ನನ್ನ ಗಾಡಿಗೂ ಇದೇ ಆಯಿತು. ಒಬ್ಬ ಮೆಕ್ಯಾನಿಕ್ ವೈರಿಂಗ್ ಪೂರ್ತಿ ಬದಲಿಸಬೇಕು ಅಂದ. ಮನೆಗೆ ತಂದು ನೋಡಿದರೆ ಸ್ವಿಚ್ಚಿನ ಸುತ್ತ ಮಣ್ಣು ಒಣಗಿ ಹೆಂಟೆಯಾಗಿ ಕೂತಿತ್ತು, ಕಡ್ಡಿ ಅಲ್ಲಾಡುತ್ತಲೇ ಇರಲಿಲ್ಲ. ಹಳೇ ಹಲ್ಲುಜ್ಜುವ ಬ್ರಷ್, ನೀರು, ಆಮೇಲೆ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ, ಇಷ್ಟಕ್ಕೇ ಮುಗಿಯಿತು. ಒಳಗೆ ಗ್ರೀಸ್ ಮಾತ್ರ ತುಂಬಬೇಡಿ, ಅದು ಧೂಳನ್ನು ಕರೆದು ಕೂರಿಸುತ್ತದೆ.

ಇಷ್ಟಾದರೂ ಹತ್ತಲಿಲ್ಲ ಅಂದರೆ ಸ್ವಿಚ್ಚಿನ ಕನೆಕ್ಟರ್ ಬಿಚ್ಚಿ, ಚಾವಿ ಆನ್ ಮಾಡಿ, ಗಾಡಿ ಕಡೆಯ ಎರಡು ತುದಿಗಳನ್ನು ಒಂದು ತುಂಡು ವೈರಿನಿಂದ ಕೂಡಿಸಿ. ಲೈಟ್ ಹತ್ತಿದರೆ ಸ್ವಿಚ್ ಸತ್ತಿದೆ, ಹೊಸದು ತನ್ನಿ, ದೊಡ್ಡ ಖರ್ಚೇನಲ್ಲ. ಹತ್ತದಿದ್ದರೆ ಅಲ್ಲಿಗೆ ಬರುವ ವೈರು ಎಲ್ಲೋ ಕಡಿದಿದೆ, ಇಲಿ ಕಡಿದಿರಬಹುದು, ಸೈಲೆನ್ಸರಿಗೆ ತಾಗಿ ಸುಟ್ಟಿರಬಹುದು. ಕೂಡಿಸುವಾಗ ಆ ತುಂಡು ವೈರು ಚಾಸಿಗೆ, ಅಂದರೆ ಗಾಡಿಯ ಲೋಹದ ಚೌಕಟ್ಟಿಗೆ, ತಾಗದಂತೆ ನೋಡಿಕೊಳ್ಳಿ, ತಾಗಿದರೆ ಫ್ಯೂಸ್ ಹೋಗುತ್ತದೆ.

ಹೊಸ ಸ್ವಿಚ್ ಹಾಕಿದ ಮೇಲೆ ಅಡ್ಜಸ್ಟ್ ಮಾಡುವಾಗಲೇ ಬಹಳ ಜನ ಎಡವುತ್ತಾರೆ. ಸ್ವಿಚ್ಚನ್ನು ಕೈಯಲ್ಲಿ ಗಟ್ಟಿ ಹಿಡಿದು ಅದರ ಸುತ್ತಲಿನ ನಟ್ ಮಾತ್ರ ತಿರುಗಿಸಬೇಕು. ಸ್ವಿಚ್ಚನ್ನೇ ತಿರುಗಿಸಿದರೆ ವೈರು ಹುರಿಗೊಂಡು ಬುಡದಲ್ಲೇ ಕಿತ್ತು ಬರುತ್ತದೆ. ಸ್ವಿಚ್ ಮೇಲೆ ಬಂದಷ್ಟೂ ಲೈಟ್ ಬೇಗ ಹತ್ತುತ್ತದೆ, ಕೆಳಗೆ ಇಳಿದಷ್ಟೂ ತಡ. ಬ್ರೇಕ್ ಹಿಡಿಯುವುದಕ್ಕಿಂತ ಸ್ವಲ್ಪ ಮೊದಲೇ ಹತ್ತಬೇಕು. ಆದರೆ ತೀರಾ ಬಿಗಿ ಮಾಡಿದರೆ ಕಾಲಿಡದೆಯೂ ಉರಿಯುತ್ತಲೇ ಇರುತ್ತದೆ. ಆಗ ಗದಗ ರೋಡಿನಲ್ಲಿ ರಾತ್ರಿ ಹಿಂದೆ ಬರುವ ಲಾರಿಯವನಿಗೆ ನೀವು ನಿಜವಾಗಿ ಬ್ರೇಕ್ ಹಾಕಿದ್ದು ಗೊತ್ತಾಗುವುದು ಹೇಗೆ?

ಇನ್ನೊಂದು, ಹಿಂದಿನ ಚಕ್ರದ ಡ್ರಮ್ ಬ್ರೇಕ್ ಸವೆದು ಅದರ ರಾಡಿನ ನಟ್ ಬಿಗಿ ಮಾಡಿಸಿದಾಗಲೆಲ್ಲ ಲೈಟನ್ನೂ ಒಮ್ಮೆ ನೋಡಿ, ಬ್ರೇಕ್ ಹಿಡಿಯುವ ಹೊತ್ತು ಬದಲಾಗಿರುತ್ತದೆ. ಕತ್ತಲಾದ ಮೇಲೆ ಗಾಡಿಯ ಹಿಂಭಾಗ ಗೋಡೆಗೆ ಮಾಡಿ ನಿಲ್ಲಿಸಿ, ಪೆಡಲನ್ನು ಕೈಯಲ್ಲೇ ಮೆಲ್ಲಗೆ ಒತ್ತಿ, ಗೋಡೆ ಯಾವಾಗ ಜಾಸ್ತಿ ಕೆಂಪಾಗುತ್ತದೆ ಅಂತ ಗಮನಿಸಿ. ಇನ್ನೊಬ್ಬರನ್ನು ಕರೆಯುವುದೇ ಬೇಡ. ಹಿಂದೆ ಡಿಸ್ಕ್ ಇರುವ ಕೆಲವು ಗಾಡಿಗಳಲ್ಲಿ ಸ್ವಿಚ್ ಬೇರೆ ತರಹ, ಆಯಿಲ್ ಒತ್ತಡಕ್ಕೆ ಕೆಲಸ ಮಾಡುತ್ತದೆ. ನಿಮ್ಮದು ಅದಾಗಿದ್ದರೆ ಬಿಚ್ಚಬೇಡಿ, ಮೊದಲು ಫೋಟೋ ಹಾಕಿ.